ಮೊದಲ ಮೂರು ಪುಟ ತೆಗೆಯಿರಿ

ನಮಸ್ಕಾರ.

ಹಿರಿಯೂರಿನಿಂದ ನೀವು ಕಳಿಸಿದ ಲೇಖನ ಓದಿದೆ. ಕಲಾವಿದ ಪಿ.ಆರ್. ತಿಪ್ಪೇಸ್ವಾಮಿ ಅವರ ಬಗ್ಗೆ ಒಂಬತ್ತು ಪುಟ. ಈಗ ಇರುವ ಹಾಗೆ ನಮ್ಮ ಪತ್ರಿಕೆಗೆ ಆಗುವುದಿಲ್ಲ. ಹಾಗಂತ ವಾಪಸ್ ಕಳಿಸಿ ಸುಮ್ನೆ ಕೂರುವುದಕ್ಕೂ ಮನಸ್ಸು ಬರುತ್ತಿಲ್ಲ. ನಿಮ್ಮ ತಾಲ್ಲೂಕಿನ ಹರ್ತಿಕೋಟೆಯಲ್ಲಿ 1922ರಲ್ಲಿ ಹುಟ್ಟಿದವರು, ಮೈಸೂರಿಗೆ ಹೋಗಿ ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ ಕಟ್ಟಿದವರಲ್ಲಿ ಒಬ್ಬರಾದರು. ಇಂಥ ವಿಷಯ ದಿನಾ ಸಿಗುವುದಿಲ್ಲ.

ಮೊದಲು ಕಹಿ ಮಾತು. ಮೂರು ಪುಟ ಪೂರ್ತಿ ಚಿತ್ರದುರ್ಗದ ಕೋಟೆ ಸುತ್ತಿದ್ದೀರಿ. ಏಳು ಸುತ್ತು, ಮದಕರಿ ನಾಯಕ, ಓಬವ್ವನ ಒನಕೆ. ನಮ್ಮ ಕಡೆ ಯಾರ ಬಗ್ಗೆ ಬರೆದರೂ ಅವರನ್ನು ಒಮ್ಮೆ ಕೋಟೆ ಹತ್ತಿಸಿ ಇಳಿಸುವ ಚಾಳಿ ಇದೆ. (ದಾವಣಗೆರೆಯವರು ಬೆಣ್ಣೆದೋಸೆ ತಿನ್ನಿಸುತ್ತಾರೆ, ಅದೂ ಇಷ್ಟೇ ಬೇಸರ.) ತಿಪ್ಪೇಸ್ವಾಮಿ ಬರುವಷ್ಟರಲ್ಲಿ ಓದುಗ ಸುಸ್ತಾಗಿರುತ್ತಾನೆ. ಆ ಮೂರು ಪುಟ ತೆಗೆಯಿರಿ.

ಆಮೇಲೆ ‘ಕಲಾತಪಸ್ವಿ’, ‘ಮೇರು ಪ್ರತಿಭೆ’, ‘ಕುಂಚದ ಮಾಂತ್ರಿಕ’. ಸನ್ಮಾನ ಪತ್ರದಲ್ಲಿ ಇವೆಲ್ಲ ನಡೆಯುತ್ತವೆ. ಅಲ್ಲಿ ಶಾಲು ಹೊದ್ದವರು ಎಲ್ಲರ ಎದುರಿಗೇ ಕೂತಿರುತ್ತಾರೆ. ಲೇಖನದಲ್ಲಿ ಆ ಮನುಷ್ಯನನ್ನು ನೀವೇ ತಂದು ಕೂರಿಸಬೇಕು.

ಐದನೇ ಪುಟದಲ್ಲಿ ಒಂದು ವಾಕ್ಯ ಇದೆ: ‘ಅವರು ಹಳ್ಳಿ ಹಳ್ಳಿ ಸುತ್ತಿ ಅಪಾರ ಜಾನಪದ ವಸ್ತುಗಳನ್ನು ಸಂಗ್ರಹಿಸಿ ನಾಡಿಗೆ ಅರ್ಪಿಸಿದರು.’ ಅಷ್ಟೇ. ಮುಂದಿನ ಸಾಲಿಗೇ ಪ್ರಶಸ್ತಿಗಳ ಪಟ್ಟಿ. ಅಯ್ಯೋ, ನಿಮ್ಮ ಲೇಖನ ಇರುವುದೇ ಆ ವಾಕ್ಯದೊಳಗೆ! ಪಟ್ಟಿ ಬೇಕಾದವರು ಬೇರೆಲ್ಲಾದರೂ ನೋಡಿಕೊಳ್ಳುತ್ತಾರೆ.

ಎಂಟನೇ ಪುಟದಲ್ಲಿ ನೀವೇ ಸುಳಿವು ಕೊಟ್ಟಿದ್ದೀರಿ. ‘ನಮ್ಮ ಮನೆಯ ಅಟ್ಟದಲ್ಲೂ ಒಂದು ಕೊಳಗ ಇತ್ತು, ಗುಜರಿಯವನಿಗೆ ಹೋಯಿತು.’ ಇಡೀ ಲೇಖನದಲ್ಲಿ ನಾನು ಗೆರೆ ಎಳೆದುಕೊಂಡ ಸಾಲು ಇದೊಂದೇ. ಇದನ್ನು ಮುಂದಕ್ಕೆ ತನ್ನಿ. ಈ ಸಂಗ್ರಹಾಲಯ ಶುರುವಾಗಿದ್ದು 1960ರ ದಶಕದ ಕೊನೆಯಲ್ಲಿ. ಅಳತೆ ತೂಕವನ್ನು ಮೆಟ್ರಿಕ್‌ಗೆ ತಂದ ಕಾಯ್ದೆ 1956ರದು. ಅಂದರೆ ಕಾಳು ಅಳೆಯುವ ಪಾವು, ಸೇರು, ಕೊಳಗಗಳು ಅಂಗಡಿಯಿಂದ ಇಳಿದು ಅಟ್ಟ ಸೇರುತ್ತಿದ್ದ ಕಾಲ. ಅಟ್ಟದಿಂದ ಮುಂದಿನ ದಾರಿ ಗುಜರಿಯೇ. ಜಾನಪದ ವಿದ್ವಾಂಸರಾದ ದೇಜಗೌ (ದೇ. ಜವರೇಗೌಡ), ಜೀಶಂಪ (ಜೀ.ಶಂ. ಪರಮಶಿವಯ್ಯ), ಅವರ ಜೊತೆ ತಿಪ್ಪೇಸ್ವಾಮಿ ಎಲ್ಲ ಅದೇ ಹೊತ್ತಿಗೆ ಕೈ ಹಾಕಿದರು. ಇದನ್ನು ನೀವು ಎಲ್ಲೂ ಹೇಳಿಲ್ಲ.

ಇನ್ನೊಂದು. ಕೊಳಗ ತಂದು ಇಟ್ಟರೆ ಮುಗಿಯಲಿಲ್ಲ. ನಾಲ್ಕು ಪಾವಿಗೆ ಒಂದು ಸೇರು, ಸರಿ. ಆದರೆ ಸೇರು ಎಷ್ಟು ದೊಡ್ಡದು, ಕೊಳಗಕ್ಕೆ ಎಷ್ಟು ಸೇರು, ಇದು ಸೀಮೆಯಿಂದ ಸೀಮೆಗೆ ಬೇರೆ. ಯಾವ ಊರಿನದು, ಯಾರ ಮನೆಯದು, ಏನು ಅಳೆಯುತ್ತಿದ್ದರು ಎಂದು ರಿಜಿಸ್ಟರಿನಲ್ಲಿ ಬರೆಯದಿದ್ದರೆ ಅದು ಬರೀ ಪಾತ್ರೆ. ಸಂಗ್ರಹಾಲಯದ ವಸ್ತುಗಳನ್ನು ನೋಡಿಕೊಳ್ಳುವ ಕ್ಯುರೇಟರ್ ಕೆಲಸದ ದೊಡ್ಡ ಪಾಲು ಈ ಬರೆಯುವ ಕೆಲಸ. ನಂಬರ್ ಹಾಕುವುದು, ಅದೂ ಎದುರಿಗೆ ಕಾಣದ ಹಾಗೆ, ಬೇಕಾದರೆ ವಸ್ತುವಿಗೆ ಏಟಾಗದೆ ಅಳಿಸಲು ಬರುವ ಹಾಗೆ. ಫೋಟೊಗೆ ಹಾರ ಹಾಕುವ ಮೊದಲು ಈ ಕೆಲಸ ತೋರಿಸಿ.

‘ಗೊಂಬೆಗಳು ಕಣ್ಮನ ಸೆಳೆಯುತ್ತವೆ’ ಎಂದು ಬರೆದಿದ್ದೀರಿ. ಯಾವ ಗೊಂಬೆ? ಅಲ್ಲಿ ತೊಗಲುಗೊಂಬೆಗಳಿವೆ. ತೊಗಲುಗೊಂಬೆ ಅಂದರೆ ಬೆಳಕು ಹಾಯುವಷ್ಟು ಹದ ಮಾಡಿದ ಚರ್ಮ. ಹಿಂದೆ ದೀಪ ಇಟ್ಟರೆ ಮಾತ್ರ ಅದರ ಕೆಂಪು, ಹಸಿರು ಎದ್ದು ಕಾಣುತ್ತದೆ. ಆದರೆ ಆ ಬಣ್ಣ ಮಾಸುವುದೂ ಬೆಳಕಿನಿಂದಲೇ, ಮಾಸಿದ್ದು ಮತ್ತೆ ಬರುವುದಿಲ್ಲ. ಇಂಥ ವಸ್ತುಗಳಿಗೆ ಮ್ಯೂಸಿಯಂಗಳಲ್ಲಿ ಸುಮಾರು 50 ಲಕ್ಸ್ (ಬೆಳಕಿನ ಅಳತೆ) ಬೆಳಕು ಸಾಕು ಅನ್ನುತ್ತಾರೆ. ಒಳಗೆ ಬಂದವರಿಗೆ ಮೊದಲು ಕತ್ತಲೆ ಅನ್ನಿಸುವಷ್ಟು ಮಂದ. ತೇವ ಜಾಸ್ತಿಯಾದರೆ ಚರ್ಮಕ್ಕೆ ಬೂಸ್ಟು, ಒಣಗಿದರೆ ಸುರುಟು. ಮೇಲಾಗಿ ಸಂಗ್ರಹಾಲಯ ಇರುವ ಜಯಲಕ್ಷ್ಮಿ ವಿಲಾಸ 1905ರಲ್ಲಿ ರಾಜಕುಮಾರಿಯ ವಾಸಕ್ಕೆ ಕಟ್ಟಿದ್ದು, ತೊಗಲುಗೊಂಬೆಗೆ ಅಲ್ಲ. ಆಡಿಸಲು ಮಾಡಿದ ಗೊಂಬೆಯನ್ನು ಆಡಿಸದೆ ಕಾಯುವುದು ಹೇಗೆ ಎಂದು ಅಲ್ಲಿ ಕೆಲಸ ಮಾಡಿದವರನ್ನು ಕೇಳಿ. ಅವರು ಹೇಳುವುದನ್ನು ಅವರ ಮಾತಿನಲ್ಲೇ ಹಾಕಿ.

ಅವರ ಜಲವರ್ಣದ ಬಗ್ಗೆ ಬರೆದ ಪ್ಯಾರಾ ಯಾವ ಕಲಾವಿದನಿಗಾದರೂ ಹೊಂದುತ್ತದೆ. ಜಲವರ್ಣದಲ್ಲಿ ಬಿಳಿ ಎಂದರೆ ಸಾಮಾನ್ಯವಾಗಿ ಬಣ್ಣ ಅಲ್ಲ, ಬಿಟ್ಟ ಕಾಗದ. ಎಲ್ಲಿ ಬಿಡಬೇಕು ಎಂದು ಕುಂಚ ಅದ್ದುವ ಮೊದಲೇ ಗೊತ್ತಿರಬೇಕು. ಅನುಮಾನವಿದ್ದರೆ ಇಲ್ಲಿಗೆ ಬನ್ನಿ, ದಾವಣಗೆರೆ ದೃಶ್ಯಕಲಾ ಕಾಲೇಜಿನ ಮೇಷ್ಟ್ರೊಬ್ಬರ ಪಕ್ಕ ಒಂದು ಮಧ್ಯಾಹ್ನ ಕೂರಿಸುತ್ತೇನೆ. ಆಮೇಲೆ ತಿಪ್ಪೇಸ್ವಾಮಿ ಅವರ ಒಂದೇ ಒಂದು ಚಿತ್ರ ಹಿಡಿದು ಬರೆಯಿರಿ. ಹತ್ತು ಬೇಡ.

ಬಾಲ್ಯದ ಬಡತನದ ಭಾಗ ನನಗೆ ನಂಬಿಕೆ ಬರಲಿಲ್ಲ. ಸುಳ್ಳು ಅಂತ ಅಲ್ಲ, ಯಾರು ಹೇಳಿದ್ದು ಅಂತ ಇಲ್ಲ. ಹರ್ತಿಕೋಟೆ ನಿಮಗೆ ಎಷ್ಟು ದೂರ? ಬಸ್ಸಿಗೆ ಹೋಗಿ ಹಿರಿಯರ ಹತ್ತಿರ ಮಾತಾಡಿ ಬನ್ನಿ. ಯಾರೂ ಸಿಗದಿದ್ದರೆ ಆ ಭಾಗ ಬಿಟ್ಟುಬಿಡಿ, ಲೇಖನಕ್ಕೆ ಏನೂ ಕಮ್ಮಿಯಾಗುವುದಿಲ್ಲ.

ಮತ್ತೆ ಕಳಿಸುವಾಗ 1,200 ಪದ ದಾಟಬೇಡಿ. ಫೋಟೊ ಇದ್ದರೆ ತೆಗೆದವರ ಹೆಸರು ಬರೆಯಿರಿ, ಸಂಗ್ರಹಾಲಯದ ಒಳಗಿನದಾದರೆ ಅವರ ಅನುಮತಿ ಪತ್ರವೂ ಜೊತೆಗಿರಲಿ. ಆ ಕೊಳಗದ ಸಾಲು ಮಾತ್ರ ತಿದ್ದಬೇಡಿ, ಹಾಗೇ ಇರಲಿ.

ಸಂಪಾದಕ