ಕಾರು ರಾತ್ರಿ ಎಲ್ಲಿ ಮಲಗುತ್ತದೆ?

ಮೈಸೂರಿನ ಒಂದು ಕಾರ್ ಶೋರೂಂನಲ್ಲಿ 26 ವರ್ಷ ಆರ್‌ಟಿಒ ಕೆಲಸ ನೋಡಿಕೊಂಡವಳು ನಾನು. ನೋಂದಣಿ ಅರ್ಜಿಯಾದ ಫಾರಂ 20 ತುಂಬುವುದು, ಟಿಆರ್ ಅಂದರೆ ತಾತ್ಕಾಲಿಕ ನೋಂದಣಿ ಮಾಡಿಸುವುದು, ಬಾನೆಟ್ ಎತ್ತಿ ಚಾಸಿಸ್ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುವುದು, ಇದೇ ನನ್ನ ದಿನಚರಿ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯ ಕೇಳಿವೆ. ಗಡಿಯಾಚೆಯಿಂದ ಹೊಸ ಕಾರು ತಂದರೆ ದುಡ್ಡು ಉಳಿಯುತ್ತಾ? ಹಾಗಾಗಿ ಈ ಸಂಚಿಕೆಯನ್ನು ಪೂರ್ತಿ ಅದಕ್ಕೇ ಇಟ್ಟಿದ್ದೇನೆ.

ಪ್ರಶ್ನೆ: ಮೇಡಂ, ನಾನು ಅತ್ತಿಬೆಲೆಯವನು. ಕೆಲಸ ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಎಕ್ಸ್ ಶೋರೂಂ 16 ಲಕ್ಷದ ಪೆಟ್ರೋಲ್ ಕಾರು ನೋಡಿಟ್ಟಿದ್ದೇನೆ. ಲೈಫ್ ಟ್ಯಾಕ್ಸೇ 3 ಲಕ್ಷ ದಾಟುತ್ತೆ ಅಂದಾಗ ತಲೆ ತಿರುಗಿತು. ಒಬ್ಬ ಏಜೆಂಟ್ ಪುದುಚೇರಿಯಲ್ಲಿ ಬಾಡಿಗೆ ಕರಾರು ಮಾಡಿಸಿ ಅಲ್ಲೇ ರಿಜಿಸ್ಟರ್ ಮಾಡಿಸಿಕೊಡುತ್ತೇನೆ ಅಂತಾರೆ. 2 ಲಕ್ಷಕ್ಕಿಂತ ಜಾಸ್ತಿ ಉಳಿಯುತ್ತಂತೆ. ಅದು ಬೇಡ ಅಂದರೆ ಪಕ್ಕದ ಹೊಸೂರಲ್ಲಾದರೂ ತಗೊಳ್ಳಲಾ? ಬೇರೆ ರಾಜ್ಯದ ಗಾಡಿಯನ್ನು 30 ದಿನಕ್ಕಿಂತ ಇಟ್ಟುಕೊಂಡರೆ ಹಿಡಿಯುತ್ತಾರೆ ಅಂತ ಒಬ್ಬರು, 12 ತಿಂಗಳು ಏನೂ ಕೇಳಲ್ಲ ಅಂತ ಇನ್ನೊಬ್ಬರು ಹೇಳುತ್ತಾರೆ. ಯಾವುದು ನಿಜ?

ಉತ್ತರ: ಮೊದಲು ನಿಮ್ಮ ಲೆಕ್ಕ ನೋಡೋಣ. ಕರ್ನಾಟಕದಲ್ಲಿ 10 ಲಕ್ಷದಿಂದ 20 ಲಕ್ಷದವರೆಗಿನ ಪೆಟ್ರೋಲ್, ಡೀಸೆಲ್ ಕಾರಿಗೆ ಲೈಫ್ ಟ್ಯಾಕ್ಸ್, ಅಂದರೆ ನೋಂದಣಿಯ ಹೊತ್ತಿಗೆ ಒಂದೇ ಸಲ ಕಟ್ಟುವ ರಸ್ತೆ ತೆರಿಗೆ, 17 ಪರ್ಸೆಂಟ್. ಅಂದರೆ 2,72,000. ಆ ತೆರಿಗೆಯ ಮೇಲೆ 11 ಪರ್ಸೆಂಟ್ ಸೆಸ್, 29,920. ಒಟ್ಟು 3,01,920 ರೂಪಾಯಿ. ಇದನ್ನು ಜಿಎಸ್‌ಟಿ ಸೇರಿದ ಬೆಲೆಯ ಮೇಲೆ ಹಾಕುತ್ತಾರೆ, ಅಂದರೆ ತೆರಿಗೆಯ ಮೇಲೆ ತೆರಿಗೆ. ನಿಮಗೆ ಹೊಟ್ಟೆ ಉರಿದದ್ದರಲ್ಲಿ ತಪ್ಪೇ ಇಲ್ಲ. 26 ವರ್ಷ ಈ ಅಂಕಿಯನ್ನು ಜನರಿಗೆ ಓದಿ ಹೇಳಿದ್ದೇನೆ. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಮೇಲಿನ ಮಾಡೆಲ್ ಬಿಟ್ಟು ಕೆಳಗಿನದಕ್ಕೆ ಬರುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಈ ದರ ಇಳಿಯಬೇಕು ಅಂತಲೇ ನನ್ನ ಅಭಿಪ್ರಾಯ.

ಹೊಸೂರಿನ ಆಸೆ ಬಿಡಿ. ತಮಿಳುನಾಡು 2023ರ ನವೆಂಬರ್‌ನಲ್ಲಿ ದರ ಏರಿಸಿತು. ನಿಮ್ಮ ಬೆಲೆಯ ಕಾರಿಗೆ ಅಲ್ಲಿ 18 ಪರ್ಸೆಂಟ್, 2,88,000. ವ್ಯತ್ಯಾಸ ಸುಮಾರು 14 ಸಾವಿರ. 20 ಲಕ್ಷ ದಾಟಿದರೆ ಅಲ್ಲಿ 20 ಪರ್ಸೆಂಟ್. ಆಗ ನಮ್ಮ 18 ಮತ್ತು ಸೆಸ್ಸಿಗೂ ಅದಕ್ಕೂ ಏನೂ ಅಂತರ ಉಳಿಯಲ್ಲ. ಹಿಂದೆ ಒಂದೊಂದು ರಾಜ್ಯದಲ್ಲಿ ಒಂದೊಂದು ವ್ಯಾಟ್ ಇದ್ದಾಗ ಗಡಿ ದಾಟಿದರೆ ಕಾರಿನ ಬೆಲೆಯಲ್ಲೇ ಲಾಭ ಸಿಗುತ್ತಿತ್ತು. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಅದು ಹೋಯಿತು. ಈಗ ಉಳಿದಿರುವುದು ರಸ್ತೆ ತೆರಿಗೆಯ ವ್ಯತ್ಯಾಸ ಮಾತ್ರ.

ಆ ತೆರಿಗೆಗೂ ನೀವು ಎಲ್ಲಿ ಕೊಂಡಿರಿ ಅನ್ನುವುದಕ್ಕೂ ಸಂಬಂಧವಿಲ್ಲ. ಕಾರು ರಾತ್ರಿ ಎಲ್ಲಿ ಮಲಗುತ್ತದೆ ಅನ್ನುವುದೇ ಮುಖ್ಯ. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 40 ಹೇಳುವುದೂ ಇದನ್ನೇ. ನಿಮ್ಮ ಮನೆ ಅಥವಾ ವ್ಯವಹಾರ ಎಲ್ಲಿದೆಯೋ, ಗಾಡಿ ಸಾಮಾನ್ಯವಾಗಿ ಎಲ್ಲಿ ನಿಲ್ಲುತ್ತದೋ ಆ ರಾಜ್ಯದಲ್ಲೇ ನೋಂದಣಿ ಆಗಬೇಕು. ಅತ್ತಿಬೆಲೆಯ ಮನೆ ಮುಂದೆ ನಿಲ್ಲುವ ಕಾರಿಗೆ ಪುದುಚೇರಿಯ ಬಾಡಿಗೆ ಕರಾರು ತೋರಿಸಿದರೆ ಅದು ಸುಳ್ಳು ದಾಖಲೆ. ಏಜೆಂಟ್ ಕಮಿಷನ್ ತಗೊಂಡು ಹೋಗುತ್ತಾನೆ, ಕರಾರಿನಲ್ಲಿ ಸಹಿ ಉಳಿಯುವುದು ನಿಮ್ಮದು.

30 ದಿನದ ಮಾತಿಗೂ ಒಂದು ಕಥೆ ಇದೆ. 2014ರಲ್ಲಿ ನಮ್ಮ ರಾಜ್ಯ ಕಾನೂನು ತಿದ್ದಿ, ಬೇರೆ ರಾಜ್ಯದ ಗಾಡಿ 30 ದಿನ ದಾಟಿದರೆ ಲೈಫ್ ಟ್ಯಾಕ್ಸ್ ಕೇಳಲು ಶುರು ಮಾಡಿತು. 2016ರಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. 12 ತಿಂಗಳು ಅನ್ನುವುದು ಸೆಕ್ಷನ್ 47ರದ್ದು. ಬೇರೆ ರಾಜ್ಯದಲ್ಲಿ ನ್ಯಾಯವಾಗಿ ನೋಂದಣಿಯಾದ ಗಾಡಿ ಇಲ್ಲಿಗೆ ಬಂದು 12 ತಿಂಗಳಿಗಿಂತ ಹೆಚ್ಚು ಉಳಿದರೆ ಹೊಸ ನಂಬರ್ ಹಾಕಿಸಿ ಇಲ್ಲಿಯ ತೆರಿಗೆ ಕಟ್ಟಬೇಕು. ಅದು ವರ್ಗವಾಗಿ ಬಂದವರಿಗೆ, ಪುಣೆಯಿಂದಲೋ ಹೈದರಾಬಾದಿನಿಂದಲೋ ಕೆಲಸಕ್ಕೆ ಬಂದವರಿಗೆ ಕೊಟ್ಟ ಸಮಯ. ಮೊದಲ ದಿನದಿಂದ ಇಲ್ಲೇ ಇರುವ ಕಾರಿಗೆ ಅದು ರಕ್ಷಣೆ ಕೊಡಲ್ಲ. ಎಲ್ಲಿ ಓಡಿದೆ ಅಂತ ಫಾಸ್ಟ್ಯಾಗ್ ಹೇಳುತ್ತದೆ, ಎಲ್ಲಿ ಸರ್ವೀಸ್ ಆಗಿದೆ ಅಂತ ಸರ್ವೀಸ್ ದಾಖಲೆ ಹೇಳುತ್ತದೆ.

ನಮ್ಮ ಮನೆಯಲ್ಲೇ ನಡೆದದ್ದು ಹೇಳುತ್ತೇನೆ. ನನ್ನ ಚಿಕ್ಕಪ್ಪನ ಮಗ ಹೀಗೇ ಮಾಡಿದ. ನನ್ನನ್ನು ಕೇಳಲಿಲ್ಲ, ಕೇಳಿದರೆ ಬೇಡ ಅಂತಾಳೆ ಅಂತ ಅವನಿಗೆ ಗೊತ್ತಿತ್ತು. ಕಾರು ಬಂತು, ಪೂಜೆ ಆಯಿತು, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿತು. ಆದರೆ ಆರ್‌ಸಿ, ಅಂದರೆ ನೋಂದಣಿ ಪತ್ರ ಬರಲಿಲ್ಲ. ಏಜೆಂಟ್ ಇವತ್ತು ನಾಳೆ ಅಂತ ಐದು ತಿಂಗಳು ತಳ್ಳಿದ, ಆಮೇಲೆ ಫೋನೇ ಎತ್ತಲಿಲ್ಲ. ಆರ್‌ಸಿ ಸ್ಪೀಡ್ ಪೋಸ್ಟಿನಲ್ಲಿ ಹೋಗುವುದು ದಾಖಲೆಯಲ್ಲಿರುವ ಅಡ್ರೆಸ್ಸಿಗೆ ಅಲ್ವಾ? ಕೊನೆಗೆ ಅವನ ಜೊತೆ ನಾನೂ ಹೋದೆ. ಸಣ್ಣ ಓಣಿ, ಕೆಳಗೆ ಮನೆಯವರು, ಮೇಲೆ ಬೀಗ ಹಾಕಿದ ಒಂದು ರೂಮು. ಆ ಮನೆಯ ಅಜ್ಜಿ ಅಕ್ಕಿ ಡಬ್ಬದ ಹಿಂದಿನಿಂದ ರಬ್ಬರ್ ಬ್ಯಾಂಡ್ ಹಾಕಿದ ಒಂದು ಕಟ್ಟು ತೆಗೆದು ಕೈಗಿಟ್ಟರು. ಎಣಿಸಿದೆ, ಒಂಬತ್ತು ಲಕೋಟೆ, ಒಂಬತ್ತು ಜನರ ಹೆಸರು. ಎಲ್ಲರೂ ಆ ಒಂದೇ ರೂಮಿನ "ಬಾಡಿಗೆದಾರರು". ನಮ್ಮ ಹುಡುಗನ ಆರ್‌ಸಿ ಏಳನೆಯದು. ಅಜ್ಜಿಗೆ ಇವರಲ್ಲಿ ಒಬ್ಬರ ಮುಖವೂ ಗೊತ್ತಿಲ್ಲ. "ಯಾರಾದರೂ ಬರುತ್ತಾರೆ ಅಂತ ಜೋಪಾನ ಮಾಡಿಟ್ಟಿದ್ದೆ" ಅಂದರು.

ಅದಾದ ಎರಡನೇ ವರ್ಷ ಬೆಂಗಳೂರಿನಲ್ಲಿ ಗಾಡಿ ತಡೆದು ಕಾಗದ ಕೇಳಿದರು. ಇಲ್ಲಿಯ ತೆರಿಗೆಯನ್ನು ದಂಡ ಸೇರಿಸಿ ಕಟ್ಟಿದ. ಇಲ್ಲಿಯ ನಂಬರಿಗೆ ಬದಲಾಯಿಸಲು ಅಲ್ಲಿಯ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು, ಅದಕ್ಕೆ ಸಾಲ ಕೊಟ್ಟ ಬ್ಯಾಂಕಿನ ಒಪ್ಪಿಗೆ ಬೇಕು. ನಾಲ್ಕು ಸಲ ಹೋಗಿ ಬಂದ. ಅಲ್ಲಿ ಕಟ್ಟಿದ ತೆರಿಗೆ ವಾಪಸ್ ಕೇಳುವ ಹಕ್ಕು ಕಾನೂನಿನಲ್ಲಿ ಇದೆ. ಆದರೆ ಸುಳ್ಳು ಅಡ್ರೆಸ್ ಇಟ್ಟುಕೊಂಡು ಯಾವ ಮುಖದಲ್ಲಿ ಅರ್ಜಿ ಹಾಕುತ್ತಾನೆ? ಆ ದುಡ್ಡು ಹೋಯಿತು. ಅವನಿಗಿಂತ ಜಾಸ್ತಿ ನೊಂದವರು ನಮ್ಮ ಚಿಕ್ಕಪ್ಪ. ಮೇಷ್ಟ್ರಾಗಿದ್ದವರು. ಮಗನ ಕಾರಿನಲ್ಲಿ ಕೂತು ಹೋಗುವಾಗ ಪೊಲೀಸರು ಕೈ ಅಡ್ಡ ಹಿಡಿದರೆ ಸಾಕು, ಸೀಟಿನಲ್ಲಿ ಕುಗ್ಗುತ್ತಿದ್ದರು.

ದೊಡ್ಡವರನ್ನೂ ಈಗ ಬಿಡುತ್ತಿಲ್ಲ. 2025ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ತೆರಿಗೆ ಕಟ್ಟದ 30 ಐಷಾರಾಮಿ ಕಾರುಗಳನ್ನು ಸಾರಿಗೆ ಇಲಾಖೆ ವಶಕ್ಕೆ ತೆಗೆದುಕೊಂಡಿತು. ಅದೇ ವರ್ಷ ಜುಲೈನಲ್ಲಿ ಮಹಾರಾಷ್ಟ್ರ ನೋಂದಣಿಯ ಒಂದು ಕೆಂಪು ಫೆರಾರಿಯ ಮಾಲೀಕರು ಸುಮಾರು 1.42 ಕೋಟಿ ರೂಪಾಯಿ ಕಟ್ಟಿ ಗಾಡಿ ಉಳಿಸಿಕೊಳ್ಳಬೇಕಾಯಿತು.

ಉಳಿಸಲೇಬೇಕು ಅಂದರೆ ನ್ಯಾಯವಾದ ದಾರಿ ಇದೆ. ಎಕ್ಸ್ ಶೋರೂಂ 10 ಲಕ್ಷದ ಒಳಗೆ ಬರುವ ಮಾಡೆಲ್ ನಿಮ್ಮ ಮನೆಗೆ ಸಾಕಾಗುತ್ತಾ ನೋಡಿ. ಅಲ್ಲಿ ದರ 17 ಅಲ್ಲ, 14. 10 ಲಕ್ಷದ ಗೆರೆಯನ್ನು ಸ್ವಲ್ಪ ದಾಟಿದ ಕಾರಿಗೆ ಬರೀ ತೆರಿಗೆಯ ವ್ಯತ್ಯಾಸದಲ್ಲೇ ಮೂವತ್ತು ಸಾವಿರಕ್ಕಿಂತ ಜಾಸ್ತಿ ಹೋಗುತ್ತದೆ. ಡಿಸೆಂಬರಿನಲ್ಲಿ ಹಳೆಯ ಸ್ಟಾಕ್ ಇದ್ದರೆ ಕೇಳಿ. ವಿಮೆಯನ್ನು ಶೋರೂಂನಲ್ಲೇ ಮಾಡಿಸಬೇಕು ಅಂತ ಯಾವ ಕಾನೂನೂ ಇಲ್ಲ. ಹೊರಗಡೆ ನಾಲ್ಕು ಕಡೆ ರೇಟು ಕೇಳಿ. ನಾನೇ ಆ ಟೇಬಲ್ಲಿನಲ್ಲಿ ಕೂತಿದ್ದವಳು, ಅದರಲ್ಲಿ ಎಷ್ಟು ಇಳಿಯುತ್ತದೆ ಅಂತ ನನಗೆ ಗೊತ್ತು.

ಪ್ರಶ್ನೆ: ಅಕ್ಕ, ಊರು ಕುಂದಾಪುರ, ದುಬೈನಲ್ಲಿ ಹನ್ನೊಂದು ವರ್ಷ ಆಯಿತು. ಮುಂದಿನ ವರ್ಷ ಪೂರ್ತಿ ಊರಿಗೆ ಬರುವ ಯೋಚನೆ ಇದೆ. ಇಲ್ಲಿ ಕಾರು ತುಂಬಾ ಅಗ್ಗ. ಹೊಸದೊಂದನ್ನು ಇಲ್ಲೇ ತಗೊಂಡು ಹಡಗಿನಲ್ಲಿ ತಂದರೆ ಆಗುತ್ತಾ? ನನ್ನ ರೂಮ್‌ಮೇಟ್ ಕೇರಳದವರು. ಅವರ ಕಡೆಯವರು ದುಬೈ ನಂಬರಿನ ಕಾರನ್ನು ಊರಲ್ಲಿ ಓಡಿಸುತ್ತಾರಂತೆ.

ಉತ್ತರ: ತಮ್ಮಾ, ನಿಮ್ಮಲ್ಲಿ ಕಾರು ಅಗ್ಗ ಯಾಕೆ ಅಂದರೆ ಅಲ್ಲಿ ಆಮದು ಸುಂಕ 5 ಪರ್ಸೆಂಟ್, ವ್ಯಾಟ್ 5 ಪರ್ಸೆಂಟ್. ಅದೇ ಕಾರು ನಮ್ಮ ಬಂದರಿನಲ್ಲಿ ಇಳಿದರೆ ಸುಂಕವೇ ಸಾಮಾನ್ಯವಾಗಿ 70ರಿಂದ 110 ಪರ್ಸೆಂಟ್. ಅದರ ಮೇಲೆ ಜಿಎಸ್‌ಟಿ. ಅದೆಲ್ಲ ಸೇರಿದ ಮೊತ್ತದ ಮೇಲೆ ನಮ್ಮ ಲೈಫ್ ಟ್ಯಾಕ್ಸ್.

ಆದರೆ ದುಡ್ಡಿನ ಮಾತು ಬರುವ ಮೊದಲೇ ದಾರಿ ಮುಚ್ಚಿದೆ. ದುಬೈ ಕಾರಿನ ಸ್ಟೇರಿಂಗ್ ಎಡಗಡೆ. ನಮ್ಮ ಆಮದು ನಿಯಮಕ್ಕೆ ಬಲಗಡೆ ಸ್ಟೇರಿಂಗೇ ಬೇಕು. ಇನ್ನೊಂದು, ಹೊಸ ಕಾರನ್ನು ಅದು ತಯಾರಾದ ದೇಶದಿಂದಲೇ ತರಬೇಕು. ಜಪಾನಿನಲ್ಲಿ ಮಾಡಿದ್ದನ್ನು ದುಬೈನಿಂದ ತರುವ ಹಾಗಿಲ್ಲ. ಬಳಸಿದ ಕಾರು ಅಂದರೂ ಬಲಗಡೆ ಸ್ಟೇರಿಂಗೇ ಇರಬೇಕು, ತಯಾರಾಗಿ 3 ವರ್ಷ ದಾಟಿರಬಾರದು, ಮುಂಬೈ ಬಂದರಿನಲ್ಲೇ ಇಳಿಸಬೇಕು, ಸುಂಕ ಹೊಸದಕ್ಕಿಂತಲೂ ಜಾಸ್ತಿ.

ನಿಮ್ಮ ರೂಮ್‌ಮೇಟ್ ಹೇಳಿದ್ದು ಕಾರ್ನೆ ಅನ್ನುವ ವ್ಯವಸ್ಥೆ. ಅಲ್ಲಿಯ ಆಟೊಮೊಬೈಲ್ ಕ್ಲಬ್ಬಿನಲ್ಲಿ ಠೇವಣಿ ಇಟ್ಟು ಕಾಗದ ಮಾಡಿಸಿ, ಸುಂಕವಿಲ್ಲದೆ 6 ತಿಂಗಳು ಗಾಡಿ ತಂದು ಓಡಿಸಬಹುದು. ಸಮಯ ಮುಗಿದ ಮೇಲೆ ವಾಪಸ್ ಹೋಗಲೇಬೇಕು. ಅದು ಪ್ರವಾಸಕ್ಕೆ ಇರುವುದು, ಊರಿಗೆ ಬಂದು ನೆಲೆಸುವವರಿಗಲ್ಲ.

ಯಾರಾದರೂ ಅಗ್ಗದ ವಿದೇಶಿ ಕಾರು ಇದೆ, ಭಾರತದ ನಂಬರ್ ಆಗಲೇ ಬಿದ್ದಿದೆ ಅಂದರೂ ನಂಬಬೇಡಿ. 2025ರ ಸೆಪ್ಟೆಂಬರ್‌ನಲ್ಲಿ ಕೇರಳದಲ್ಲಿ ಕಸ್ಟಮ್ಸ್‌ನವರು ಆಪರೇಷನ್ ನುಮ್ಖೋರ್ ಅಂತ ದೊಡ್ಡ ಶೋಧ ಮಾಡಿದರು. ಭೂತಾನಿನ ಹಳೆಯ ಲ್ಯಾಂಡ್ ಕ್ರೂಸರ್‌ನಂಥ ಗಾಡಿಗಳನ್ನು ಸುಂಕ ಕಟ್ಟದೆ ಗಡಿ ದಾಟಿಸಿ, ಸುಳ್ಳು ಕಾಗದದಲ್ಲಿ ನೋಂದಣಿ ಮಾಡಿಸಿ ಮಾರಿದ ಪ್ರಕರಣ ಅದು. ಕೊನೆಯಲ್ಲಿ ಕೊಂಡವರ ಮನೆ ಅಂಗಳದಿಂದಲೇ ಗಾಡಿ ಹೋಯಿತು. ಹನ್ನೊಂದು ವರ್ಷ ಬಿಸಿಲಿನಲ್ಲಿ ದುಡಿದ ದುಡ್ಡು ನಿಮ್ಮದು. ನಿಮ್ಮ ಕಾರನ್ನು ಅಲ್ಲೇ ಮಾರಿ, ದುಡ್ಡು ತನ್ನಿ, ಉಡುಪಿಯಲ್ಲಿ ಕೊಳ್ಳಿ. ಕೆಎ 20 ನಂಬರಿನ ಗಾಡಿಯನ್ನು ನಿಮ್ಮ ಮನೆ ಮುಂದೆ ಯಾರೂ ಪ್ರಶ್ನೆ ಮಾಡಲ್ಲ.

ಪ್ರಶ್ನೆ: ನಾನು ಸರ್ಕಾರಿ ಬ್ಯಾಂಕಿನ ಅಧಿಕಾರಿ, ಈಗ ಬೆಳಗಾವಿ. ಮೂರು ವರ್ಷಕ್ಕೊಮ್ಮೆ ವರ್ಗ. ಮುಂದೆ ಕೊಲ್ಲಾಪುರವೋ ಗೋವಾವೋ ಗೊತ್ತಿಲ್ಲ. ಪ್ರತಿ ರಾಜ್ಯದಲ್ಲೂ ತೆರಿಗೆ ಕಟ್ಟುತ್ತಾ ಇರಬೇಕಾ?

ಉತ್ತರ: ಬೇಡಮ್ಮ. ಬಿಎಚ್ ಸೀರೀಸ್, ಅಂದರೆ ಎಲ್ಲ ರಾಜ್ಯಗಳಲ್ಲೂ ನಡೆಯುವ ಭಾರತ್ ನಂಬರ್ ಮಾಡಿಸಿಕೊಳ್ಳಿ. 2021ರ ಸೆಪ್ಟೆಂಬರ್ 15ರಿಂದ ಬಂದ ವ್ಯವಸ್ಥೆ ನಿಮ್ಮಂಥವರಿಗೇ ಇದೆ. ಸೇನೆಯವರು, ಕೇಂದ್ರ, ರಾಜ್ಯ ಸರ್ಕಾರಿ ನೌಕರರು, ಸಾರ್ವಜನಿಕ ವಲಯದವರು, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಇರುವ ಖಾಸಗಿ ಕಂಪನಿಯವರು ತೆಗೆದುಕೊಳ್ಳಬಹುದು. ದರ 10 ಲಕ್ಷದ ಒಳಗೆ 8 ಪರ್ಸೆಂಟ್, 20 ಲಕ್ಷದವರೆಗೆ 10, ಅದರ ಮೇಲೆ 12. ಡೀಸೆಲ್ ಆದರೆ 2 ಜಾಸ್ತಿ, ಎಲೆಕ್ಟ್ರಿಕ್ ಆದರೆ 2 ಕಡಿಮೆ. ಒಟ್ಟಿಗೆ ಕಟ್ಟುವುದಲ್ಲ, ಎರಡೆರಡು ವರ್ಷಕ್ಕೆ ಪಾಲು ಮಾಡಿ ಕಟ್ಟುವುದು. ವರ್ಗವಾದರೆ ನಂಬರ್ ಬದಲಾಯಿಸುವ ಕೆಲಸವೇ ಇಲ್ಲ.

ಕಾರು ಬುಕ್ ಮಾಡುವ ದಿನವೇ ಬಿಎಚ್ ಬೇಕು ಅಂತ ಶೋರೂಂನಲ್ಲಿ ಹೇಳಿ, ಕಚೇರಿಯ ಗುರುತಿನ ಚೀಟಿ ಕೊಡಿ. ಕೆಎ ನಂಬರ್ ಬಿದ್ದ ಮೇಲೆ ನೆನಪಾದರೆ ಓಡಾಟ ಜಾಸ್ತಿ. ಎರಡು ವರ್ಷ ಮುಗಿಯುವ ದಿನವನ್ನು ಮನೆಯ ಕ್ಯಾಲೆಂಡರಿನಲ್ಲೇ ಬರೆದಿಡಿ. ತಡವಾದರೆ ದಿನಕ್ಕೆ 100 ರೂಪಾಯಿ ದಂಡ ಏರುತ್ತಾ ಹೋಗುತ್ತದೆ. ಮುಂದೆ ಮಾರುವಾಗ ಕೊಳ್ಳುವವರಿಗೆ ಬಿಎಚ್ ಅರ್ಹತೆ ಇಲ್ಲದಿದ್ದರೆ ಆ ರಾಜ್ಯದ ನಂಬರ್ ಹಾಕಿಸಿ ಉಳಿದ ತೆರಿಗೆ ಕಟ್ಟಬೇಕು. ಬೆಲೆ ಮಾತಾಡುವಾಗ ಅದನ್ನು ಮೊದಲೇ ಹೇಳಿಬಿಡಿ.

ಪ್ರಶ್ನೆ: ಮನೆ ಕಾಸರಗೋಡು, ಅಂಗಡಿ ಮಂಗಳೂರು. ಪರಿಚಯದ ಶೋರೂಂ ಮಂಗಳೂರಿನಲ್ಲಿದೆ, ಒಳ್ಳೆ ಡಿಸ್ಕೌಂಟ್ ಕೊಡುತ್ತೇವೆ ಅಂದಿದ್ದಾರೆ. ಗಡಿ ದಾಟಿ ಕೊಂಡರೆ ತಪ್ಪಾ?

ಉತ್ತರ: ಕೊಳ್ಳುವುದು ತಪ್ಪೇ ಅಲ್ಲ. ನಿಮ್ಮಂಥವರ ಫೈಲು ನಾನೂ ಮಾಡಿದ್ದೇನೆ, ಮೈಸೂರಿಗೆ ವಯನಾಡಿನಿಂದ ಬರುತ್ತಿದ್ದರು. ಮಂಗಳೂರಿನಲ್ಲಿ ಬಿಲ್ ಮಾಡಿಸಿ, ವಿಮೆ ಮಾಡಿಸಿ, ಬಿಲ್ಲಿನಲ್ಲಿ ನಿಮ್ಮ ಕಾಸರಗೋಡಿನ ಅಡ್ರೆಸ್ಸನ್ನೇ ಬರೆಸಿ. ಟಿಆರ್ ತಗೊಂಡು ಮನೆಗೆ ಒಯ್ದು, ಅಲ್ಲಿಯ ಆರ್‌ಟಿಒದಲ್ಲಿ ಕೇರಳದ ತೆರಿಗೆ ಕಟ್ಟಿ ಕೆಎಲ್ 14 ನಂಬರ್ ಹಾಕಿಸಿಕೊಳ್ಳಿ. ಕರ್ನಾಟಕದ ಲೈಫ್ ಟ್ಯಾಕ್ಸನ್ನು ಬಿಲ್ಲಿನ ಜೊತೆ ಸೇರಿಸಿ ಕಟ್ಟಿಸಿಕೊಳ್ಳಲು ಬಿಡಬೇಡಿ. ಶೋರೂಂನವರು ಅಭ್ಯಾಸಬಲದಿಂದ ಆನ್ ರೋಡ್ ಬೆಲೆಯಲ್ಲಿ ಅದನ್ನು ಹಾಕಿಬಿಡುತ್ತಾರೆ. ಹಣ ಕೊಡುವ ಮೊದಲು ಆ ಸಾಲು ಹೊಡೆಸಿ. ಟಿಆರ್ ಮೇಲಿರುವ ಕೊನೆಯ ದಿನಾಂಕ ನೋಡಿಕೊಂಡು, ಅದಕ್ಕೆ ಹತ್ತು ದಿನ ಮೊದಲೇ ಗಾಡಿಯನ್ನು ತಪಾಸಣೆಗೆ ತೋರಿಸಿ. ಹೋಗುವಾಗ ಚಾಸಿಸ್ ನಂಬರಿನ ಪೆನ್ಸಿಲ್ ಅಚ್ಚು ಎರಡು ಪ್ರತಿ ಶೋರೂಂನಲ್ಲೇ ತೆಗೆಸಿಟ್ಟುಕೊಳ್ಳಿ.