ಕೆಲಸದವರ ಕಣ್ಣೆದುರು ದುಬಾರಿ ಕಾರು ಓಡಿಸಬಹುದಾ?

ನಿಮ್ಮ ಪ್ರಶ್ನೆ ಓದಿದೆ. ಹನ್ನೆರಡು ಜನ ಕೆಲಸ ಮಾಡುವ ಸಣ್ಣ ಕಂಪನಿ, ಎಂಟು ವರ್ಷದ ದುಡಿಮೆ, ಈಗ ಕೈಯಲ್ಲಿ ನಾಲ್ಕು ಕಾಸು ಓಡಾಡುತ್ತಿದೆ. ಬಹಳ ದಿನದಿಂದ ಆಸೆಪಟ್ಟ ಕಾರು ಕೊಳ್ಳಬೇಕು. ಆದರೆ ಅದನ್ನು ಆಫೀಸಿಗೆ ತಂದರೆ ಕೆಲಸದವರು ಏನಂದುಕೊಳ್ಳುತ್ತಾರೋ ಅನ್ನೋ ಅಳುಕು. "ನನ್ನ ದುಡ್ಡು, ನಾನ್ಯಾಕೆ ಅಂಜಬೇಕು?" ಅಂತಲೂ ಕೇಳಿದ್ದೀರಿ. ಇಬ್ಬರಿಗೆ ಹೋದ ವರ್ಷದ ಬೋನಸ್ ಇನ್ನೂ ಬಾಕಿ ಇದೆ ಅನ್ನೋದನ್ನು ಕೊನೆಯಲ್ಲಿ ಒಂದೇ ಸಾಲಿನಲ್ಲಿ ಸೇರಿಸಿದ್ದೀರಿ.

ಅಂಜಬೇಕಾಗಿಲ್ಲ. ಕಾರು ತಗೊಳ್ಳಿ, ಆಫೀಸಿಗೂ ತನ್ನಿ. ಆದರೆ ಅದಕ್ಕೂ ಮೊದಲು ಒಂದು ನೆನಪು ಮಾಡಿಕೊಳ್ಳಿ. ಕಳೆದ ಒಂದು ವರ್ಷದಲ್ಲಿ ನಿಮ್ಮಲ್ಲಿ ಕೆಲಸ ಮಾಡುವ ಯಾರಿಗಾದರೂ "ಈಗ ದುಡ್ಡಿಲ್ಲ" ಅಂತ ಹೇಳಿದ್ದೀರಾ? ಹೇಳಿದ್ದರೆ, ಆ ಮಾತು ತೀರುವವರೆಗೆ ಕಾರು ಬೇಡ. ನಾನು ಇದನ್ನು ಪೆಟ್ಟು ತಿಂದು ಕಲಿತವನು.

ನನ್ನದು ಸಣ್ಣ ಆಫ್‌ಸೆಟ್ ಪ್ರೆಸ್ಸು. ಆಗ ಹದಿನಾಲ್ಕು ಜನ ಇದ್ದರು. ಒಂದು ವರ್ಷ ಆರ್ಡರ್ ಕಮ್ಮಿಯಾಯಿತು. ಅದರ ಮೇಲೆ ಇಬ್ಬರು ದೊಡ್ಡ ಗಿರಾಕಿಗಳು ಬಿಲ್ ದುಡ್ಡು ಕೊಡದೆ ಆಡಿಸತೊಡಗಿದರು. ಎಲ್ಲರನ್ನೂ ಕೂರಿಸಿಕೊಂಡು "ಈ ವರ್ಷ ಇಂಕ್ರಿಮೆಂಟ್ ಆಗಲ್ಲ, ಸ್ವಲ್ಪ ತಡ್ಕೊಳ್ಳಿ" ಅಂದೆ. ಯಾರೂ ಎದುರಾಡಲಿಲ್ಲ. ಅದೇ ತಿಂಗಳು ನಮ್ಮ ಮಷಿನ್ ಆಪರೇಟರ್ ತನ್ನ ತಾಯಿಯ ಕಣ್ಣಿನ ಆಪರೇಷನ್‌ಗೆ ಅಡ್ವಾನ್ಸ್ ಕೇಳಿದರು. ಪ್ರೆಸ್ಸು ಶುರುವಾದ ದಿನದಿಂದ ನನ್ನ ಜೊತೆ ಇದ್ದ ಮನುಷ್ಯ. ಕೇಳಿದ್ದರಲ್ಲಿ ಅರ್ಧ ಕೊಟ್ಟೆ. "ಇಷ್ಟೇ ಆಗೋದು ಅಣ್ಣ" ಅಂದೆ. ಅದು ಸುಳ್ಳಾಗಿರಲಿಲ್ಲ. ಅವತ್ತು ನಿಜವಾಗಲೂ ಅಷ್ಟೇ ಇತ್ತು.

ಐದು ತಿಂಗಳಾದ ಮೇಲೆ ಸಿಕ್ಕಿಬಿದ್ದಿದ್ದ ದುಡ್ಡೆಲ್ಲಾ ಒಟ್ಟಿಗೆ ಬಂತು. ವರ್ಷಗಟ್ಟಲೆ ಕಣ್ಣಿಟ್ಟಿದ್ದ ಒಂದು ಜರ್ಮನ್ ಕಾರು ಇತ್ತು. ಬಂದ ದುಡ್ಡಿನಲ್ಲಿ ಸ್ವಲ್ಪ ಕಟ್ಟಿ, ಉಳಿದದ್ದಕ್ಕೆ ಸಾಲ ಮಾಡಿ ತಂದುಬಿಟ್ಟೆ. ನನ್ನ ಮನಸ್ಸಿನಲ್ಲಿ ಲೆಕ್ಕ ಸರಿಯಾಗೇ ಇತ್ತು. ಕಷ್ಟ ಬಂತು, ಕಳೆಯಿತು, ದುಡ್ಡು ಬಂತು, ಕಾರು ಬಂತು. ಅವರಿಗೆ ಕಂಡದ್ದು ಎರಡೇ: ಇಂಕ್ರಿಮೆಂಟ್ ಇಲ್ಲ ಅಂದದ್ದು, ಆಮೇಲೆ ಕಾರು. ನಡುವೆ ಏನಾಯಿತು ಅಂತ ನಾನು ಒಬ್ಬರಿಗೂ ಹೇಳಿರಲಿಲ್ಲ.

ಕಾರು ತಂದ ದಿನ ಎಲ್ಲರೂ ಹೊರಗೆ ಬಂದರು. ಹುಡುಗರು ಡೋರ್ ತೆಗೆದು ನೋಡಿದರು, ಫೋಟೋ ತೆಗೆದುಕೊಂಡರು. ಆಪರೇಟರ್ ಮಾತ್ರ ಕೈಗೆ ಮೆತ್ತಿದ್ದ ಇಂಕನ್ನು ಬಟ್ಟೆಚೂರಿನಲ್ಲಿ ಒರೆಸಿಕೊಳ್ಳುತ್ತಾ ಎರಡು ಹೆಜ್ಜೆ ದೂರದಲ್ಲೇ ನಿಂತರು. "ಚೆನ್ನಾಗಿದೆ ಸಾರ್" ಅಂದು ಒಳಗೆ ಹೋದರು. ನನಗೆ ಅವತ್ತು ಖುಷಿಯೋ ಖುಷಿ. ಎಲ್ಲರಿಗೂ ಖುಷಿಯಾಗಿದೆ ಅಂತಲೇ ನಂಬಿದ್ದೆ.

ನಿಜ ಗೊತ್ತಾಗಿದ್ದು ಮೂರು ತಿಂಗಳಾದ ಮೇಲೆ, ಪೇಪರ್ ಬಿಲ್ ಏರಿದ್ದು ನೋಡಿದಾಗ. ಪ್ರೆಸ್ಸಿನ ಕೆಲಸ ಗೊತ್ತಿಲ್ಲದವರಿಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪ್ರತಿ ಹೊಸ ಕೆಲಸ ಶುರು ಮಾಡುವಾಗ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುವವರೆಗೆ, ಇಂಕ್ ಹದಕ್ಕೆ ಬರುವವರೆಗೆ ಒಂದಷ್ಟು ಹಾಳೆ ಓಡಿಸಲೇಬೇಕು. ಆ ಹಾಳೆಗಳು ಹೇಗಿದ್ದರೂ ರದ್ದಿಗೇ ಹೋಗೋದು. ಒಳ್ಳೆ ಆಪರೇಟರ್ ಅದಕ್ಕೆ ಹೊಸ ಹಾಳೆ ಹಾಕಲ್ಲ. ಹಿಂದಿನ ಕೆಲಸದಲ್ಲಿ ಹಾಳಾದ ಹಾಳೆಗಳನ್ನೇ ಜೋಡಿಸಿಟ್ಟುಕೊಂಡು ಮತ್ತೆ ಮತ್ತೆ ಓಡಿಸುತ್ತಾನೆ. ಕೊನೆಯಲ್ಲಿ ಮಾತ್ರ ನಾಲ್ಕು ಹೊಸ ಹಾಳೆ. ನಮ್ಮ ಆಪರೇಟರ್ ಮಷಿನ್ ಪಕ್ಕ ಅಂಥ ಹಾಳೆಗಳ ದೊಡ್ಡ ಅಟ್ಟಿಯನ್ನೇ ಇಟ್ಟುಕೊಂಡಿರುತ್ತಿದ್ದರು. ಅವರಿಗೆ ಅದನ್ನು ಯಾರೂ ಹೇಳಿಕೊಟ್ಟಿದ್ದಲ್ಲ. ನಾನು ಅದಕ್ಕೆ ಒಂದು ಪೈಸೆ ಜಾಸ್ತಿ ಕೊಟ್ಟವನೂ ಅಲ್ಲ.

ಹೋಗಿ ನೋಡಿದರೆ ಆ ಅಟ್ಟಿಯೇ ಇರಲಿಲ್ಲ. ಎಲ್ಲದಕ್ಕೂ ಹೊಸ ಹಾಳೆ.

ಸಂಜೆ ಎಲ್ಲರೂ ಹೋದ ಮೇಲೆ ಕೇಳಿದೆ. ಅವರು ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: "ಬೇಕು ಅಂತ ಮಾಡಿದ್ದಲ್ಲ ಸಾರ್. ಮೊದ್ಲು ಒಂದೊಂದು ಹಾಳೆ ಉಳಿಸುವಾಗ ನಮ್ಮ ಪ್ರೆಸ್ಸು ಕಷ್ಟದಲ್ಲಿದೆ ಅಂತ ಮನಸ್ಸಲ್ಲಿ ಇರ್ತಿತ್ತು. ಈಗ ಹಂಗೆ ಅನ್ನಿಸ್ಲಿಲ್ಲ."

ಈ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. ಅವರದು ಹೊಟ್ಟೆಕಿಚ್ಚಲ್ಲ. ನಾನು ಕಷ್ಟ ಅಂದಾಗ ಅವರು ನಂಬಿದ್ದರು, ನಂಬಿ ತಮ್ಮ ಪಾಲಿನ ಕೆಲಸ ಮಾಡಿದ್ದರು. ಕಷ್ಟ ಮುಗಿದಾಗ ನಾನು ಅವರಿಗೆ ಹೇಳಲೇ ಇಲ್ಲ. ಕಾರಿನಿಂದ ಗೊತ್ತಾಯಿತು.

ಕೆಲಸದವರಿಗೆ ನಮ್ಮ ಬ್ಯಾಂಕ್ ಓವರ್‌ಡ್ರಾಫ್ಟ್ ಕಾಣಲ್ಲ. ಸಂಬಳದ ಹಿಂದಿನ ರಾತ್ರಿ ನಿದ್ದೆ ಬಾರದ್ದು ಕಾಣಲ್ಲ. ಶುರುವಿನ ವರ್ಷಗಳಲ್ಲಿ ನಾವು ಸಂಬಳವೇ ತಗೊಳ್ಳದೆ ದುಡಿದದ್ದೂ ಕಾಣಲ್ಲ. ಕಾರು ಕಾಣುತ್ತದೆ. ಕಂಡದ್ದರಿಂದಲೇ ಅವರು ಲೆಕ್ಕ ಹಾಕಬೇಕು, ಬೇರೆ ದಾರಿ ಏನಿದೆ ಹೇಳಿ?

ದೊಡ್ಡವರೂ ಇದರಲ್ಲಿ ಎಡವಿದ್ದಾರೆ. 2008ರ ನವೆಂಬರ್‌ನಲ್ಲಿ ಅಮೆರಿಕದ ಜನರಲ್ ಮೋಟಾರ್ಸ್, ಫೋರ್ಡ್, ಕ್ರೈಸ್ಲರ್ ಈ ಮೂರೂ ಕಾರು ಕಂಪನಿಗಳ ಮುಖ್ಯಸ್ಥರು 2,500 ಕೋಟಿ ಡಾಲರ್ ಸರ್ಕಾರಿ ನೆರವು ಕೇಳಲು ವಾಷಿಂಗ್ಟನ್‌ಗೆ ಹೋದರು. ಹೋಗಿದ್ದು ಬೇರೆ ಬೇರೆ ಖಾಸಗಿ ವಿಮಾನದಲ್ಲಿ. ಸಂಸತ್ತಿನಲ್ಲಿ ಸದಸ್ಯರು ಮೊದಲು ಹಿಡಿದದ್ದೇ ಆ ವಿಮಾನಗಳನ್ನು. ಮುಂದಿನ ತಿಂಗಳು ಅವರೇ ಡೆಟ್ರಾಯಿಟ್‌ನಿಂದ ತಮ್ಮ ಕಂಪನಿಯ ಹೈಬ್ರಿಡ್ ಕಾರುಗಳಲ್ಲಿ ರಸ್ತೆ ಹಿಡಿದು ಬಂದರು. ವಿಮಾನದ ಖರ್ಚು ಆ ಕಂಪನಿಗಳಿಗೆ ಲೆಕ್ಕಕ್ಕೇ ಇಲ್ಲದ್ದು. ಆದರೆ ಬಾಯಿ "ಇಲ್ಲ" ಅನ್ನುತ್ತಿತ್ತು, ವಿಮಾನ "ಇದೆ" ಅನ್ನುತ್ತಿತ್ತು. ಜನ ವಿಮಾನವನ್ನೇ ನಂಬಿದರು.

ಇನ್ನೊಂದು ವಿಷಯ ಹೇಳಲೇಬೇಕು. ಜೆರಾಲ್ಡ್ ಗ್ರೀನ್‌ಬರ್ಗ್ ಎನ್ನುವ ಸಂಶೋಧಕರು 1990ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಂದೇ ಕಂಪನಿಯ ಎರಡು ಕಾರ್ಖಾನೆಗಳಲ್ಲಿ 10 ವಾರ ಎಲ್ಲರ ಸಂಬಳ ಶೇ. 15ರಷ್ಟು ಕಡಿತವಾಗಿತ್ತು. ಒಂದು ಕಡೆ ಯಾಕೆ ಕಡಿತ ಅಂತ ಲೆಕ್ಕ ತೋರಿಸಿ, ಬೇಜಾರು ಹೇಳಿಕೊಂಡು, ಎಲ್ಲರ ಪ್ರಶ್ನೆಗೂ ಉತ್ತರ ಕೊಟ್ಟರು. ಇನ್ನೊಂದು ಕಡೆ ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಿದರು. ಎರಡೂ ಕಡೆ ಕಳ್ಳತನ ಜಾಸ್ತಿಯಾಯಿತು, ಆದರೆ ಸರಿಯಾಗಿ ಹೇಳದೇ ಇದ್ದ ಕಡೆ ತುಂಬಾ ಜಾಸ್ತಿ. ಕಡಿತ ಒಂದೇ, ದುಡ್ಡೂ ಅಷ್ಟೇ. ಕೂತು ಮಾತಾಡಿದ್ದಷ್ಟೇ ಬೇರೆ. ನಮ್ಮಲ್ಲಿ ಯಾರೂ ಕದಿಯಲಿಲ್ಲ. ಆದರೆ ಇದನ್ನು ಓದಿದಾಗ ಆ ಹಾಳೆಗಳ ಅಟ್ಟಿಯೇ ಕಣ್ಣಿಗೆ ಬಂತು.

"ಹಾಗಾದರೆ ಹಳೆ ಗಾಡಿಯಲ್ಲೇ ಓಡಾಡಲಾ?" ಅಂತ ಕೇಳಬಹುದು. ವಾಲ್‌ಮಾರ್ಟ್ ಕಟ್ಟಿದ ಸ್ಯಾಮ್ ವಾಲ್ಟನ್ ಅಷ್ಟು ಶ್ರೀಮಂತರಾದರೂ 1979ರ ಫೋರ್ಡ್ ಪಿಕಪ್ ಓಡಿಸುತ್ತಿದ್ದರು ಅಂತ ಎಲ್ಲರೂ ಉದಾಹರಣೆ ಕೊಡುತ್ತಾರೆ. ನಿಜವೇ, ಆ ಗಾಡಿ ಈಗ ಮ್ಯೂಸಿಯಂನಲ್ಲಿದೆ. ಆದರೆ ಅದೇ ಕಂಪನಿ 1971ರಲ್ಲೇ ನೌಕರರಿಗೆ ಲಾಭದಲ್ಲಿ ಪಾಲು ಕೊಡುವ ಯೋಜನೆ ಶುರು ಮಾಡಿತ್ತು ಅನ್ನೋದನ್ನು ಯಾರೂ ಹೇಳಲ್ಲ. ಡಕೋಟಾ ಗಾಡಿಯಲ್ಲಿ ಬಂದು ಸಂಬಳ ತಡ ಮಾಡಿದರೆ ಯಾವ ನೌಕರನಿಗೂ ಗೌರವ ಹುಟ್ಟಲ್ಲ.

ಮುಚ್ಚಿಡೋದು ಇನ್ನೂ ಕೆಟ್ಟದ್ದು. ನನ್ನ ಪರಿಚಯದ ಒಬ್ಬರು ಹೊಸ ಕಾರನ್ನು ಎರಡು ರಸ್ತೆ ಆಚೆ ನಿಲ್ಲಿಸಿ ನಡೆದು ಬರುತ್ತಿದ್ದರು. ಒಂದೇ ವಾರದಲ್ಲಿ ಎಲ್ಲರಿಗೂ ಗೊತ್ತಾಯಿತು. ಆಮೇಲೆ "ಇನ್ನೂ ಏನೇನು ಮುಚ್ಚಿಟ್ಟಿದ್ದಾರೋ" ಅನ್ನೋ ಮಾತು ಶುರುವಾಯಿತು. ಹಾಗೆ ಮಾಡಬೇಡಿ. ಕಂಪನಿ ಚೆನ್ನಾಗಿದೆ ಅಂತ ಕಂಡರೆ ಕೆಲಸದವರಿಗೂ ಧೈರ್ಯ. ನಮ್ಮ ಬೈಂಡಿಂಗ್ ಹುಡುಗ ಒಬ್ಬ ನನ್ನ ಕಾರಿನ ಮುಂದೆ ನಿಂತ ಫೋಟೋವನ್ನು ಮನೆಯವರಿಗೆ ತೋರಿಸಿ "ನಮ್ಮ ಪ್ರೆಸ್ಸಿಂದು" ಅಂದಿದ್ದನಂತೆ. ಆ ಹೆಮ್ಮೆಯೂ ನಿಜ.

ಗಿರಾಕಿಗಳ ಮುಂದೆ ಮರ್ಯಾದೆಗೆ ದೊಡ್ಡ ಕಾರು ಬೇಕು ಅಂತಾರಲ್ವಾ, ಅದು ಕೆಲವೇ ವ್ಯಾಪಾರಗಳಲ್ಲಿ ನಿಜ. ನಮ್ಮಂಥವರ ಹತ್ತಿರ ಗಿರಾಕಿ ನೋಡೋದು ಮಾಲು ಹೇಳಿದ ದಿನಕ್ಕೆ ಬಂತಾ ಅಂತ.

ಈಗ ನಾನು ಏನು ಮಾಡುತ್ತೇನೆ ಅಂದರೆ, ನನಗಾಗಿ ದೊಡ್ಡ ಖರ್ಚು ಮಾಡುವ ಮುಂಚೆ ಕೊಡಬೇಕಾದ್ದೆಲ್ಲಾ ಕೊಟ್ಟು ಮುಗಿಸುತ್ತೇನೆ. ಓಟಿ, ಬೋನಸ್, ತಡೆಹಿಡಿದ ಇಂಕ್ರಿಮೆಂಟ್, ಎಲ್ಲ. ಮೂರು ತಿಂಗಳ ಸಂಬಳದಷ್ಟು ದುಡ್ಡು ಬೇರೆ ಎತ್ತಿಡುತ್ತೇನೆ. ಹೊಸ ಕಾರು ಮೊದಲ ವರ್ಷದಲ್ಲೇ ಸಾಮಾನ್ಯವಾಗಿ ಶೇ. 20ರಷ್ಟು ಬೆಲೆ ಕಳೆದುಕೊಳ್ಳುತ್ತದೆ. ಕಷ್ಟಕ್ಕೆ ಮಾರುತ್ತೇನೆ ಅಂದರೂ ಹಾಕಿದ್ದು ವಾಪಸ್ ಬರಲ್ಲ. ಕಾರಿನ ಕಂತು ಕಂಪನಿ ಖಾತೆಯಿಂದ ಹೋಗೋದಾದರೆ, ಸಂಬಳದ ಲೆಕ್ಕ ನೋಡುವವರಿಗೆ ಅದು ಪ್ರತಿ ತಿಂಗಳೂ ಕಾಣುತ್ತದೆ ಅನ್ನೋದೂ ನೆನಪಿರಲಿ. ಮತ್ತೆ, ಕೆಲಸದವರ ಕೈಲಿ ಕಾರು ತೊಳೆಸೋದು, ಸರ್ವಿಸ್‌ಗೆ ಕಳಿಸೋದು ಖಂಡಿತ ಬೇಡ. ಅವರು ಬಂದಿರೋದು ಕಂಪನಿ ಕೆಲಸಕ್ಕೆ.

ಕಾರು ಬರುವ ಮುಂಚೆ ನೀವೇ ಹೇಳಿ. ದೊಡ್ಡ ಭಾಷಣ ಬೇಡ. ವ್ಯಾಪಾರ ಈಗ ಹೀಗಿದೆ, ನಿಮಗೆ ಕೊಡೋದು ಇಷ್ಟಿತ್ತು, ಕೊಟ್ಟಾಯಿತು, ನಾನೂ ಒಂದು ಕಾರು ತಗೊಳ್ತಿದ್ದೀನಿ ಅಂದರೆ ಸಾಕು. ನಾನು ಈ ಮಾತನ್ನು ತಡವಾಗಿ ಆಡಿದೆ. ಆ ಸಂಜೆ ಆದ ಮಾರನೇ ತಿಂಗಳು ಎಲ್ಲರಿಗೂ ಹಿಂದಿನದ್ದೂ ಸೇರಿಸಿ ಇಂಕ್ರಿಮೆಂಟ್ ಕೊಟ್ಟೆ, ಯಾವ ದುಡ್ಡು ಯಾವಾಗ ಬಂತು ಅಂತ ಹೇಳಿದೆ. ಕಾರು ಮಾರಲಿಲ್ಲ. ಆಪರೇಟರ್ ಇವತ್ತಿಗೂ ನನ್ನ ಜೊತೆ ಇದ್ದಾರೆ. ಆದರೆ ಅಡ್ವಾನ್ಸ್ ಕೇಳಲು ಮತ್ತೆ ಯಾವತ್ತೂ ನನ್ನ ಹತ್ತಿರ ಬಂದಿಲ್ಲ. ಅದು ನನಗೆ ಇನ್ನೂ ನೋವಾಗುತ್ತದೆ.

ನಿಮ್ಮದು ಇನ್ನೂ ಕೈ ಮೀರಿಲ್ಲ. ಆ ಇಬ್ಬರ ಬೋನಸ್ ಈ ವಾರವೇ ಕೊಟ್ಟುಬಿಡಿ, ತಡವಾಯಿತು ಅಂತ ಬಾಯಿಬಿಟ್ಟು ಹೇಳಿ ಕೊಡಿ. ಕಾರನ್ನು ಮುಂದಿನ ತಿಂಗಳು ಬುಕ್ ಮಾಡಿದರೂ ಆಗುತ್ತದೆ.