ಕಾರವಾರದ ಹತ್ತಿರ ಕಾಳಿ ಹೊಳೆಯ ಜೂಗದಲ್ಲಿ ನಮ್ಮ ಅಜ್ಜನ ಜಾಗವಿದೆ. ಅಲ್ಲಿನ ಹಸಿರು, ಹಳ್ಳಿ ಬದುಕು ಹಾಳಾಗದ ಹಾಗೆ ಉಳಿಸಲು ಏನು ಮಾಡಬಹುದು?

ನಿಮ್ಮದು ಜೂಗ, ನಮ್ಮದು ಕುರ್ವೆ. ಕಾಳಿಯ ನಡುಗಡ್ಡೆಗೆ ನಿಮ್ಮ ಕಡೆ ಜೂಗ ಅಂತಾರೆ, ಅಘನಾಶಿನಿ ಹೊಳೆಯಲ್ಲಿ ನಾವು ಕುರ್ವೆ ಅಂತೀವಿ. ನಮ್ಮ ಕುರ್ವೆಯ ಹೆಸರು ಇಲ್ಲಿ ಬೇಡ, ಊರವರು ಓದ್ತಾರೆ.

ನೀವು ಪ್ರಶ್ನೆಯ ಕೆಳಗೆ ಉದ್ದಕ್ಕೆ ಬರೆದದ್ದೆಲ್ಲ ಓದಿದೆ: ಅಜ್ಜನ ಎರಡೂವರೆ ಎಕರೆ, ಬೆಂಗಳೂರಲ್ಲಿ ಕೆಲಸ, ವರ್ಷಕ್ಕೆ ಎರಡು ಸಲ ಊರಿಗೆ, ಟ್ರಸ್ಟ್ ಮಾಡಿ ಸುತ್ತ ಬೇಲಿ ಹಾಕಿ ನಾಲ್ಕು ಕೋಣೆಯ ಹೋಂಸ್ಟೇ ನಡೆಸುವ ಯೋಚನೆ, ಸೇತುವೆ ಬಂದರೆ ಎಲ್ಲ ಕೆಟ್ಟಿತು ಅನ್ನುವ ಹೆದರಿಕೆ, ಅದರ ವಿರುದ್ಧ ಒಂದು ಅರ್ಜಿ. ಓದುವಾಗ ನಂಗೆ ನಗು ಬಂತು, ಹೊಟ್ಟೆಯೂ ಉರಿಯಿತು. 2011ರಲ್ಲಿ ಗೋವಾದ ವಾಸ್ಕೋದ ಕೆಲಸ ಬಿಟ್ಟು ಊರಿಗೆ ಬಂದಾಗ ನನ್ನ ತಲೆಯಲ್ಲೂ ಹೆಚ್ಚು ಕಮ್ಮಿ ಇದೇ ಇತ್ತು. ಆಮೇಲೆ ಊರು ಹಾಳು ಮಾಡಿದವರ ಪಟ್ಟಿಯಲ್ಲಿ ನನ್ನ ಹೆಸರೇ ಮೊದಲು ಬಂತು. ನಮ್ಮ ಗಜನಿಯ ಒಂದು ಕಾಗದಕ್ಕೆ ಸಹಿ ಹಾಕಿದ್ದರಿಂದ.

ಮೊದಲು ಗಜನಿ ಅಂದರೆ ಏನು ಅಂತ ಹೇಳಬೇಕು. ಹೊಳೆಗೆ ಉಪ್ಪುನೀರು ಏರುವ ಜಾಗದಲ್ಲಿ ಮಣ್ಣಿನ ಕಟ್ಟೆ ಕಟ್ಟಿ ಒಳಗೆ ಮಾಡುವ ಗದ್ದೆ ಅದು. ಕಟ್ಟೆಯಲ್ಲಿ ಒಂದು ಬಾಯಿ, ಆ ಬಾಯಿಗೆ ಮೇಲಿಂದ ಇಳಿಸುವ ಹಲಗೆ. ಹಲಗೆ ಎತ್ತಿದರೆ ಭರತದ ನೀರು ಒಳಗೆ ಬರುತ್ತದೆ, ಇಳಿತಕ್ಕೆ ಹೊರಗೆ ಹೋಗುತ್ತದೆ. ಮಳೆಗಾಲದಲ್ಲಿ ಅಲ್ಲಿ ಕಗ್ಗ ಬೆಳೆಯುತ್ತಾರೆ. ಉಪ್ಪು ತಡೆಯುವ, ಕೆಲವು ದಿನ ನೀರಲ್ಲಿ ಮುಳುಗಿದ್ದರೂ ಸಾಯದ, ಎದೆಮಟ್ಟ ಬೆಳೆಯುವ ಭತ್ತ ಅದು. ಗೊಬ್ಬರ ಇಲ್ಲ, ಔಷಧಿ ಇಲ್ಲ. ಕೊಯ್ಲಿಗೆ ನೀರಲ್ಲಿ ನಿಂತು ತೆನೆ ಮಾತ್ರ ಕೊಯ್ಯುತ್ತಾರೆ, ಹುಲ್ಲು ಅಲ್ಲೇ ಬಿಡುತ್ತಾರೆ. ಆಮೇಲೆ ಹಲಗೆ ಎತ್ತಿ ಉಪ್ಪುನೀರು ಬಿಟ್ಟರೆ ಆ ಹುಲ್ಲು ಕೊಳೆತು ಶೆಟ್ಲಿಗೆ (ಸಿಗಡಿಗೆ), ಮೀನಿಗೆ, ಏಡಿಗೆ ಊಟ. ಅರ್ಧ ವರ್ಷ ಅಕ್ಕಿ, ಅರ್ಧ ವರ್ಷ ಮೀನು. ಹಕ್ಕಿಗಳು ಬರುವುದು ಈ ಎರಡರ ನಡುವೆ. ಪೇಟೆಯವರು ಬಂದು ‘ಎಷ್ಟು ಚಂದ ನೇಚರ್’ ಅಂತ ಫೋಟೋ ತೆಗೆಯುವುದು ಇದನ್ನೇ. ಅದು ಸುಮ್ನೆ ಆದ ನೇಚರ್ ಅಲ್ಲ, ಹಲಗೆ ಎತ್ತಿ ಇಳಿಸಿ ಆದದ್ದು.

ನಮ್ಮ ಗಜನಿಗೆ ಹಲಗೆ ನೋಡಿಕೊಳ್ಳುತ್ತಿದ್ದವರು ನನ್ನ ದೊಡ್ಡಪ್ಪ. ಅಮಾವಾಸ್ಯೆ, ಹುಣ್ಣಿಮೆಯ ದೊಡ್ಡ ಭರತಕ್ಕೆ ರಾತ್ರಿ ಎರಡು ಗಂಟೆಗೂ ಎದ್ದು ಬ್ಯಾಟರಿ ಹಿಡಿದು ಕಟ್ಟೆ ಮೇಲೆ ಹೋಗುತ್ತಿದ್ದರು. ಜೂನ್‌ನಲ್ಲಿ ಮಳೆ ಹಿಡಿದು ಎಂಟು ಹತ್ತು ದಿನ ಆದ ಮೇಲೆ ಗದ್ದೆಗೆ ಇಳಿದು, ಕೆಸರಿನ ಒಂದು ಚಿಟಿಕೆ ನಾಲಿಗೆ ಮೇಲೆ ಇಟ್ಟುಕೊಳ್ಳುವುದನ್ನು ನಾನು ಸಣ್ಣವನಿದ್ದಾಗಿಂದ ನೋಡಿದ್ದೇನೆ. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ನಿಲ್ಲುವುದು, ಪಕ್ಕಕ್ಕೆ ಉಗಿಯುವುದು, ‘ಇನ್ನೂ ಎರಡು ಮಳೆ ಬೇಕು’ ಅನ್ನುವುದು. ಅವರು ಹೂಂ ಅಂದ ಮೇಲೆಯೇ ಮೂವತ್ತು ಮನೆಯವರು ಬೀಜ ನೆನೆಸುತ್ತಿದ್ದರು.

ನಾನು ಬಂದ ವರ್ಷ ಗಜನಿ ಕಮಿಟಿಗೆ ನನ್ನನ್ನು ಕಾರ್ಯದರ್ಶಿ ಮಾಡಿದರು. ಹೊರಗೆ ಇದ್ದು ಬಂದವ, ಅರ್ಜಿ ಬರೆಯಲು ಬರುತ್ತದೆ ಅಂತ. ಮೀನು ಹಿಡಿಯುವ ಹಕ್ಕು ಪ್ರತಿ ವರ್ಷ ಹರಾಜು ಹಾಕುವುದು ನಮ್ಮಲ್ಲಿ ಹಳೇ ಪದ್ಧತಿ. ಕೊಯ್ಲು ಮುಗಿದ ಮೇಲೆ ಶುರು, ಏಪ್ರಿಲ್ ಕೊನೆಗೆ ಬಂದ್. ಇದನ್ನು ಯಾರೂ ಎಲ್ಲೂ ಬರೆದಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು, ಬರೆಯುವುದು ಎಂತಕ್ಕೆ? ಆ ವರ್ಷ ಹೊರಗಿನ ಒಬ್ಬ ಕಂತ್ರಾಟುದಾರ ಬಂದು ಹಿಂದಿನ ಹರಾಜಿನ ಮೂರು ಪಟ್ಟು ಕೊಡುತ್ತೇನೆ ಅಂದ. ಕಟ್ಟೆ ರಿಪೇರಿಗೆ ದುಡ್ಡಾಯಿತು, ದೇವಸ್ಥಾನದ ಚಾವಣಿಗೂ ಆಯಿತು ಅಂತ ನಾವು ಕುಣಿದೆವು. ಬಾಯಿಮಾತು ಬೇಡ, ಪತ್ರ ಮಾಡೋಣ ಅಂದವನು ನಾನೇ. ವಾಸ್ಕೋದಲ್ಲಿ ಕಲಿತ ಬುದ್ಧಿ.

ತಪ್ಪು ಆದದ್ದು ಇಲ್ಲಿ. ಇದನ್ನು ನಾನು ಯಾರು ಸಿಕ್ಕರೂ ಹೇಳುತ್ತೇನೆ, ಮನೆಯಲ್ಲಿ ಬೈಯ್ಯುತ್ತಾರೆ, ಆದರೂ ಹೇಳುತ್ತೇನೆ. ಪೇಟೆಗೆ ಹೋಗಿ 100 ರೂಪಾಯಿ ಸ್ಟ್ಯಾಂಪ್ ಪೇಪರ್ ತಗೊಂಡೆವು. ಟೈಪ್ ಮಾಡುವವ ‘ಎಷ್ಟು ತಿಂಗಳು?’ ಅಂತ ಕೇಳಿದ. ನಾನು ಏನೂ ಯೋಚನೆ ಮಾಡದೆ ‘ಹನ್ನೊಂದು’ ಅಂದೆ. ಬಾಡಿಗೆ ಕರಾರು ಅಂದರೆ ಹನ್ನೊಂದು ತಿಂಗಳು ಅಲ್ವಾ, ಒಂದು ವರ್ಷ ದಾಟಿದರೆ ರಿಜಿಸ್ಟರ್ ಮಾಡಿಸಬೇಕು, ಖರ್ಚು. ಎಲ್ಲ ಪೇಟೆಯಲ್ಲೂ ಎಲ್ಲರೂ ಹೀಗೇ ಮಾಡುತ್ತಾರೆ. ಡಿಸೆಂಬರ್ 1ರಿಂದ ಅಕ್ಟೋಬರ್ 31ರವರೆಗೆ ಅಂತ ಅವನು ಹೊಡೆದ. ಬೆರಳು ಮಡಚಿ ಎಣಿಸಿ ನೋಡಿ. ಜೂನ್, ಜುಲೈ, ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್, ಇಡೀ ಮಳೆಗಾಲ ಅದರೊಳಗೆ ಹೋಯಿತು. ಕಗ್ಗಕ್ಕೆ ನಾನು ಉಳಿಸಿದ್ದು ನವೆಂಬರ್ ಒಂದು ತಿಂಗಳು. ಅವನು ಮನೆ ಬಾಡಿಗೆಯ ಹಳೇ ಅಚ್ಚಿನಲ್ಲೇ ತಿದ್ದಿ ಮಾಡಿದ್ದ. ‘ಬಾಡಿಗೆದಾರರು ಗೋಡೆಗೆ ಮೊಳೆ ಹೊಡೆಯತಕ್ಕದ್ದಲ್ಲ’ ಅನ್ನುವ ಸಾಲು ಹಾಗೇ ಉಳಿದಿತ್ತು, ಆ ಕಾಗದ ಈಗಲೂ ನನ್ನ ಹತ್ತಿರ ಇದೆ. ಹೊಳೆ ನಡುವಿನ ಗದ್ದೆಗೆ ಗೋಡೆ ಎಲ್ಲಿಂದ ಬರಬೇಕು? ಮೊಳೆಯ ಮಾತು ಇತ್ತು, ಹಲಗೆಯ ಮಾತು ಇರಲಿಲ್ಲ. ಕಟ್ಟೆ ಯಾರು ನೋಡಿಕೊಳ್ಳಬೇಕು ಅಂತ ಇರಲಿಲ್ಲ. ಮೇ ತಿಂಗಳಲ್ಲಿ ಉಪ್ಪುನೀರು ಹೊರಗೆ ಹಾಕಿ ಗದ್ದೆ ಒಣಗಿಸಬೇಕು ಅಂತ ಇರಲಿಲ್ಲ.

ಮೇ ಬಂತು. ಹಲಗೆ ಇಳಿಸಿ ಅಂದರೆ ಕಂತ್ರಾಟುದಾರ ಪತ್ರ ತೋರಿಸಿದ. ಅವನದು ತಪ್ಪು ಅಂತ ನಾನು ಆಗ ಕೂಗಾಡಿದೆ, ಈಗ ಹಾಗೆ ಅನಿಸುವುದಿಲ್ಲ. ಅವನು ದುಡ್ಡು ಕೊಟ್ಟಿದ್ದ, ಓದಿಕೊಂಡು ಸಹಿ ಹಾಕಿದ್ದ. ನಾನು ಓದದೆ ಹಾಕಿದ್ದೆ. ದೊಡ್ಡಪ್ಪ ಒಂದೇ ಮಾತು ಕೇಳಿದರು: ‘ತಮಾ, ಹನ್ನೊಂದು ತಿಂಗಳು ಅಂದ್ರೆ ಎಂತಾ ಲೆಕ್ಕ ಅದು? ಹೊಳೆಗೆ ಹಂಗೊಂದು ಲೆಕ್ಕ ಇಲ್ಲಲ?’

ನನ್ನದು ಒಬ್ಬನದೇ ಗದ್ದೆ ಆಗಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು. ಗಜನಿ ಒಂದೇ ಬೋಗುಣಿ ಇದ್ದ ಹಾಗೆ, ಒಳಗೆ ಹಾಳಿ (ಸಣ್ಣ ಬದು) ಹಾಕಿ ಹಂಚಿಕೊಂಡಿದ್ದರೂ ಬಾಯಿ ಒಂದೇ. ಆ ಮಳೆಗಾಲ ಯಾರೂ ಬಿತ್ತಲಿಲ್ಲ. ದುಡ್ಡು ಬಂದಿತ್ತು, ಹಾಗಾಗಿ ಜಾಸ್ತಿ ಜಗಳವೂ ಆಗಲಿಲ್ಲ. ಎರಡನೇ ವರ್ಷ ಪತ್ರ ಹೊಸತು ಮಾಡಿದೆವು, ಮೂರನೇ ವರ್ಷವೂ ಮಾಡಿದೆವು. ಹೌದು, ಗೊತ್ತಿದ್ದೂ ಮಾಡಿದೆವು. ಭತ್ತ ಬೆಳೆಯದಿದ್ದರೆ ಮೈಕೈ ನೋವಿಲ್ಲ, ದುಡ್ಡು ಸೀದಾ ಮನೆಗೆ ಬರುತ್ತದೆ. ಮುಡಿ ಕಟ್ಟಿ ಅಟ್ಟದಲ್ಲಿ ಇಟ್ಟಿದ್ದ ಬೀಜ ಎರಡನೇ ವರ್ಷ ಅರ್ಧಕ್ಕರ್ಧ ಮೊಳೆಯಲಿಲ್ಲ. ಮೂರನೇ ವರ್ಷ ಕೋಳಿಗೆ ಹಾಕಿದೆವು. ನಮ್ಮ ಕುರ್ವೆಯ ಕಗ್ಗ ಹೀಗೆ ಕೋಳಿ ಹೊಟ್ಟೆಯಲ್ಲಿ ಮುಗಿಯಿತು.

ನಾಲ್ಕನೇ ಮಳೆಗಾಲ ಕಟ್ಟೆ ಒಡೆಯಿತು. ಯಂತ್ರ ತರಲು ದಾರಿ ಬೇಕು ಅಂತ ಕಟ್ಟೆ ಹೊರಗಿನ ಕಾಂಡ್ಲಾ (ಮ್ಯಾಂಗ್ರೋವ್) ಗಿಡ ಕಡಿದಿದ್ದರು, ಅದರ ಬೇರು ಇಲ್ಲದೆ ಮಣ್ಣು ನಿಲ್ಲಲಿಲ್ಲ. ತಗ್ಗಿನ ಐದು ಮನೆಗಳ ಬಾವಿ ಉಪ್ಪಾಯಿತು. ಬಾವಿ ಉಪ್ಪಾದರೆ ಮನೆ ಖಾಲಿ ಆಗಲು ಎಷ್ಟು ಹೊತ್ತು? ಮಕ್ಕಳನ್ನು ಕುಮಟೆಯ ಶಾಲೆಗೆ ಹಾಕಿದರು, ಅಲ್ಲೇ ಬಾಡಿಗೆ ಮನೆ ಮಾಡಿದರು. ಭೂಸುಧಾರಣೆ ಕಾಯ್ದೆಯ 79ಎ, 79ಬಿ ಕಲಂಗಳು 2020ರಲ್ಲಿ ಹೋದ ಮೇಲೆ ರೈತರಲ್ಲದವರೂ ಜಮೀನು ತಗೊಳ್ಳಬಹುದಾಯಿತು. ಆ ಐದರಲ್ಲಿ ಮೂರು ಹಿತ್ತಲು ಈಗ ಹೊರಗಿನವರ ಹೆಸರಲ್ಲಿವೆ. ಒಂದಕ್ಕೆ ಒಳ್ಳೆಯ ಬೇಲಿ ಇದೆ, ಒಳಗೆ ಯಾರೂ ಇಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ನೀವು ‘ಜಾಗ ಉಳಿಸುವುದು ಹೇಗೆ’ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಪ್ರಶ್ನೆಯೇ ಸರಿ ಇಲ್ಲ. ಜಾಗ ಎಲ್ಲಿಗೂ ಹೋಗುವುದಿಲ್ಲ. ಹೋಗುವುದು ಕೆಲಸ ಮಾಡುವವರು. ನಿಮ್ಮ ಜೂಗದಲ್ಲಿ ಈಗ ಯಾರು ಯಾವ ಕೆಲಸ ಮಾಡಿ ಊಟ ಮಾಡುತ್ತಿದ್ದಾರೆ ಅನ್ನುವುದು ನಿಮಗೆ ಗೊತ್ತಾ? ನಿಮ್ಮ ಇಷ್ಟುದ್ದದ ಪ್ರಶ್ನೆಯಲ್ಲಿ ತೆಂಗಿನ ಮರ ಇದೆ, ಕಾಂಡ್ಲಾ ಇದೆ, ಸೂರ್ಯಾಸ್ತ ಇದೆ, ಒಬ್ಬ ಮನುಷ್ಯ ಇಲ್ಲ.

ಬೇಲಿ ಹಾಕಬೇಡಿ. ಇಳಿತದ ಹೊತ್ತಿಗೆ ಬಳಚು (ಚಿಪ್ಪುಮೀನು) ಆರಿಸಲು ಹೆಂಗಸರು ನಿಮ್ಮ ಹಿತ್ತಲ ಅಂಚಲ್ಲೇ ಹೊಳೆಗೆ ಇಳಿಯುತ್ತಿರಬಹುದು. ಅದು ಪಹಣಿಯಲ್ಲಿ ಇರುವುದಿಲ್ಲ, ಸರ್ವೆ ನಕ್ಷೆಯಲ್ಲೂ ಇರುವುದಿಲ್ಲ. ಒಂದು ತಿಂಗಳು ಅಲ್ಲೇ ಇದ್ದು ನೋಡಿದರೆ ಮಾತ್ರ ಕಾಣುತ್ತದೆ.

ಟ್ರಸ್ಟ್ ಬೇಡ. ನಾಲ್ಕು ಜನ ಬೆಂಗಳೂರಲ್ಲಿ ಕೂತು ಠರಾವು ಮಾಡಿದರೆ ಹಲಗೆ ಇಳಿಯುವುದಿಲ್ಲ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಪಂಚಾಯ್ತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡ, ಮೀನು, ಬೀಜ, ಯಾರು ಏನು ಬಳಸುತ್ತಾರೆ ಅನ್ನುವುದನ್ನೆಲ್ಲ ಜನರಿಂದಲೇ ಕೇಳಿ ದಾಖಲೆ ಮಾಡಬೇಕು. ನಿಮ್ಮ ಪಂಚಾಯ್ತಿಯಲ್ಲಿ ಅದು ಕಪಾಟಿನಲ್ಲಿ ಧೂಳು ತಿನ್ನುತ್ತಿರಬಹುದು. ಹೊರಗೆ ತೆಗೆಸಿ, ಓದಿ, ಅದರಲ್ಲಿ ಇಲ್ಲದ್ದನ್ನು ಬರೆಸಿ. ಬಾಯಿಮಾತಿನ ಪದ್ಧತಿಯನ್ನು ಬರೆದಿಡದೆ ಇದ್ದರೆ ಏನಾಗುತ್ತದೆ ಅಂತ ಮೇಲೆ ಹೇಳಿದ್ದೇನೆ.

ಹೋಂಸ್ಟೇ ಬಗ್ಗೆ ನಂಗೆ ಅಂಥ ಸಿಟ್ಟಿಲ್ಲ. ಆದರೆ ಹೊಳೆ ಅಂಚಿಗೆ ಕಾಟೇಜ್ ಕಟ್ಟುವ ಮುಂಚೆ ಸಿಆರ್‌ಝಡ್ ನಕ್ಷೆ, ಅಂದರೆ ಕರಾವಳಿ ನಿಯಂತ್ರಣ ವಲಯದ ನಕ್ಷೆ ನೋಡಿ. 2019ರ ಅಧಿಸೂಚನೆಯಲ್ಲಿ ಹಿನ್ನೀರಿನ ದ್ವೀಪಗಳಿಗೆ ಏನೂ ಕಟ್ಟಬಾರದ ಪಟ್ಟಿ ಭರತದ ಗೆರೆಯಿಂದ 20 ಮೀಟರ್. ಕಾಂಡ್ಲಾ 1,000 ಚದರ ಮೀಟರಿಗಿಂತ ಜಾಸ್ತಿ ಇದ್ದರೆ, ಅಂದರೆ ಸುಮಾರು 10 ಗುಂಟೆ, ಅದರ ಸುತ್ತ 50 ಮೀಟರ್ ಬಿಡಬೇಕು. ಕಾನೂನು ಒತ್ತಟ್ಟಿಗಿರಲಿ, ಕಾಳಿಯ ಮೇಲಿನ ಕದ್ರಾ ಡ್ಯಾಮಿನಿಂದ ಬಿಟ್ಟ ನೀರು 2019ರ ಆಗಸ್ಟ್‌ನಲ್ಲಿ ಎಲ್ಲಿವರೆಗೆ ಬಂದಿತ್ತು ಅಂತ ಅಲ್ಲಿಯವರನ್ನು ಕೇಳಿ, ಆಮೇಲೆ ಪಾಯ ತೋಡಿ.

ಸೇತುವೆ ವಿರುದ್ಧ ಅರ್ಜಿಗೆ ಮಾತ್ರ ದಯವಿಟ್ಟು ಸಹಿ ಹಾಕಬೇಡಿ. ಮಳೆಗಾಲದ ರಾತ್ರಿ ಬಸುರಿಯನ್ನು ದೋಣಿಯಲ್ಲಿ ಕೂರಿಸಿಕೊಂಡು ಹೋದವರು ಹೇಳಲಿ ಸೇತುವೆ ಬೇಡ ಅಂತ, ನಾನು ಕೇಳುತ್ತೇನೆ. ವರ್ಷಕ್ಕೆ ಎರಡು ಸಲ ಬರುವ ನೀವು ಹೇಳುವ ಮಾತಲ್ಲ ಅದು. 2024ರ ಆಗಸ್ಟ್ 7ರ ನಡುರಾತ್ರಿ ಕಾಳಿಯ ಹಳೇ ಸೇತುವೆ ಕುಸಿದಾಗ ಕಾರವಾರದವರ ಎದೆ ಹೇಗೆ ಹೊಡೆದುಕೊಂಡಿತು ಅಂತ ಒಮ್ಮೆ ವಿಚಾರಿಸಿ. ಸೇತುವೆ ಬಂದರೆ ರೇಟು ಏರುತ್ತದೆ, ಜನ ಮಾರುತ್ತಾರೆ ಅನ್ನುವುದು ಸರಿ. ನಮ್ಮಲ್ಲಿ ಸೇತುವೆಗಿಂತ ಮುಂಚೆ ಬಾವಿ ಉಪ್ಪಾಗಿ ಮಾರಿದರು.

ನಮ್ಮ ಕಥೆ ಅಲ್ಲಿಗೇ ನಿಲ್ಲಲಿಲ್ಲ, ಆದರೆ ಪೂರ್ತಿ ಸರಿಯೂ ಆಗಿಲ್ಲ. ಮಾಣಿಕಟ್ಟಾ ಕಡೆಯ ಒಬ್ಬ ರೈತರು ಎರಡು ಕೊಳಗ ಕಗ್ಗ ಬೀಜ ಕೊಟ್ಟರು. ದುಡ್ಡು ತಗೊಳ್ಳಲಿಲ್ಲ, ಬೆಳೆದರೆ ದುಪ್ಪಟ್ಟು ವಾಪಸ್ ಕೊಡು ಅಂದರು. ಮೊದಲ ವರ್ಷ ನೀರುಕೋಳಿ ತಿಂದು ಉಳಿದದ್ದು ಒಂದು ಬುಟ್ಟಿ. ಈಗ 40 ಎಕರೆಯಲ್ಲಿ 9 ಎಕರೆ ಬಿತ್ತುತ್ತೇವೆ, ನಡುವೆ ಅಡ್ಡ ಕಟ್ಟೆ ಹಾಕಿ, ಬೇರೆ ಬಾಯಿ ಮಾಡಿ. ಉಳಿದದ್ದರಲ್ಲಿ ವರ್ಷವಿಡೀ ಮೀನೇ. 2024ರಲ್ಲಿ ಅಘನಾಶಿನಿ ಅಳಿವೆ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು, 4,801 ಹೆಕ್ಟೇರ್. ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಆ ಹುಣ್ಣಿಮೆಗೂ ಹಲಗೆ ಇಳಿಸಲು ಆ ಪಟ್ಟಿಯ ಕಚೇರಿ ಇರುವ ಸ್ವಿಟ್ಜರ್‌ಲ್ಯಾಂಡಿನಿಂದ ಯಾರೂ ಬರಲಿಲ್ಲ, ನಾನೇ ಹೋದೆ. ದೊಡ್ಡಪ್ಪ ಈಗಿಲ್ಲ. ಜೂನ್‌ನಲ್ಲಿ ಕೆಸರು ನಾಲಿಗೆಗೆ ಇಟ್ಟುಕೊಳ್ಳುತ್ತೇನೆ, ನಂಗೆ ಎಲ್ಲ ವರ್ಷವೂ ಉಪ್ಪೇ ಅನಿಸುತ್ತದೆ. ಪಕ್ಕದ ಮನೆಯ ಅಜ್ಜಿಯನ್ನು ಕರೆಸಿ ಅವರ ಬಾಯಿಗೂ ಕೊಟ್ಟು ಖಾತ್ರಿ ಮಾಡಿಕೊಳ್ಳುತ್ತೇನೆ.

ನಿಮ್ಮ ಜೂಗದಲ್ಲಿ ಹಳೇ ಖಾರ್ ಗದ್ದೆ (ನಮ್ಮ ಗಜನಿಯಂಥದ್ದೇ), ಕಟ್ಟೆ ಏನಾದರೂ ಉಳಿದಿದ್ದರೆ, ಬಿತ್ತಲು ಅಲ್ಲೇ ಇರುವ ಒಬ್ಬರು ಒಪ್ಪಿದರೆ, ಮೇ ತಿಂಗಳಲ್ಲಿ ಅವರನ್ನೂ ಕರೆದುಕೊಂಡು ಬನ್ನಿ. ಎರಡು ಕೊಳಗ ಬೀಜ ಕೊಡುತ್ತೇನೆ. ವಾಪಸ್ ನಾಲ್ಕು ಕೊಳಗ. ಇದನ್ನು ಬೇಕಾದರೆ ಪತ್ರ ಮಾಡೋಣ, ತಿಂಗಳು ಮಾತ್ರ ನಾನು ಹೇಳುತ್ತೇನೆ.